ಅಂಗೈಗೆ ಒಂದು ಚಮಚ

ಅವರ ಬೆರಳ ತುದಿಗಳು ನಿಂಬೆರಸಕ್ಕೆ ಬಿಳಿಚಿಕೊಂಡು, ಸುಕ್ಕುಗಟ್ಟಿ, ಈಗಷ್ಟೇ ಬಟ್ಟೆ ಒಗೆದು ಬಂದವರ ಬೆರಳಿನಂತೆ ಇರುತ್ತಿದ್ದವು. ರಾಜಾಜಿನಗರದ ಬಾರೊಂದರಲ್ಲಿ ಕಾಕ್‌ಟೇಲ್ ಬೆರೆಸುತ್ತಿದ್ದ ಅವರನ್ನು ಎಲ್ಲರೂ ಕೌಂಟರಣ್ಣ ಎನ್ನುತ್ತಿದ್ದೆವು. ಅವರು ಬೆರೆಸಿದ್ದಕ್ಕೆ ಹೆಸರಿಡುವುದು ನನ್ನ ಕೆಲಸ. ಮೂರು ತಿಂಗಳ ಟ್ರಯಲ್. ಹೊಸ ಮೆನುವಿನ ಹೆಸರುಗಳು ಹಿಡಿಸದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಮೆನು ಆ ವಾರವೇ ಅಚ್ಚಿಗೆ ಹೋಗಬೇಕಿತ್ತು.

ಅಣ್ಣನದೊಂದು ಪದ್ಧತಿ. ಹೊಸ ಡ್ರಿಂಕನ್ನು ಮೊದಲು ಗ್ಲಾಸಿನಲ್ಲಿ ಕೊಡುತ್ತಿರಲಿಲ್ಲ. ಅಂಗೈಗೆ ಒಂದು ಚಮಚ ಹಾಕಿ, ಹೆಸರು ಹೇಳಿ, ಕುಡಿದವರನ್ನು ನೋಡುತ್ತ ನಿಲ್ಲುತ್ತಿದ್ದರು. ಗ್ಲಾಸಿನ ಅಂಚಿಗೆ ಖಾರದ ಪುಡಿ ಹಚ್ಚಿದ್ದಕ್ಕೆ ‘ಮಾಗಡಿ ರೋಡ್ ಧೂಳು’, ದೊಡ್ಡ ಐಸ್‌ಗಡ್ಡೆ ದಡಕ್ಕನೆ ಉರುಳಿ ಮೂಗಿಗೆ ಬಡಿಯುವುದಕ್ಕೆ ‘ಹೇರೋಹಳ್ಳಿ ಗುಂಡಿ’. ಇವೆರಡೂ ಪಾಸಾಗಿದ್ದವು.

ಕೊನೆಯದು ರಮ್, ಹಾಲು, ಜೇನು, ಸಕ್ಕರೆ, ಬಾಳೆಹಣ್ಣಿನದು. ಹೊತ್ತು ಮೀರುತ್ತಿತ್ತು. ಅವರನ್ನು ಕೇಳದೆ ‘ಪಂಚಾಮೃತ’ ಎಂದು ಬರೆದು ಪ್ರೆಸ್ಸಿಗೆ ಕಳಿಸಿಬಿಟ್ಟೆ.

“ಅದು ಬೇಡ ಕಣಮ್ಮ,” ಎಂದರು ಅಣ್ಣ, ಆಮೇಲೆ ಹೆಸರು ತಿಳಿದು.

“ಯಾಕಣ್ಣ? ಐದು ಪದಾರ್ಥ ಇದೆ. ಅದ್ರಲ್ಲಿ ನಾಲ್ಕನ್ನ ದೇವಸ್ಥಾನದ ಪಂಚಾಮೃತಕ್ಕೂ ಹಾಕ್ತಾರೆ. ಬೇಡ ಅನ್ನೋಕೆ ಒಂದು ಕಾರಣ ಕೊಡಿ, ಒಪ್ಕೋತೀನಿ.”

“ಡಿಬೇಟಲ್ಲಿ ಕಪ್ ಗೆದ್ದೋಳ ಹತ್ರ ನಾನೇನು ಮಾತಾಡ್ಲಿ? ಕೈ ನೀಡು.”

ನೀಡಿದೆ. ಚಮಚ ಬಗ್ಗಿಸಿ, “ಪಂಚಾಮೃತ,” ಎಂದರು. ಕುಡಿದೆ. ಮರುಕ್ಷಣ ಒದ್ದೆ ಅಂಗೈ ತಾನಾಗಿ ಮೇಲೆದ್ದು, ತೀರ್ಥ ತೆಗೆದುಕೊಂಡವರ ಹಾಗೆ ನನ್ನ ನೆತ್ತಿಯನ್ನು ಸವರಿತು. ದೇವರಿಲ್ಲ ಎಂದು ಕಾಲೇಜಿನ ವೇದಿಕೆಗಳಲ್ಲಿ ಮೇಜು ಗುದ್ದಿದ್ದ ಕೈ ಅದು. ನನ್ನ ವಿರುದ್ಧ ಅದೇ ಸಾಕ್ಷಿ ಹೇಳಿತ್ತು.

ಅಣ್ಣ ನಗಲಿಲ್ಲ. “ಬಸವೇಶ್ವರನಗರದಿಂದ ಬರೋ ಗಿರಾಕಿಗಳ ಕೈನೂ ಅಲ್ಲಿಗೇ ಹೋಗುತ್ತೆ. ಆಮೇಲೆ ಗ್ಲಾಸ್ ಹಂಗೇ ಇಟ್ಟು ಎದ್ದು ಹೋಗ್ತಾರೆ.”

ಕೂದಲಿಗೆ ರಮ್ ಅಂಟಿತ್ತು, ಮನೆಯಲ್ಲಿ ಅಮ್ಮನ ಮೂಗು ಚುರುಕು. ಅದಕ್ಕಿಂತ ದೊಡ್ಡ ಭಯ, ಪ್ರೆಸ್ಸಿನವರು ಫೋನ್ ಎತ್ತುತ್ತಿರಲಿಲ್ಲ. ಏಳನೇ ಸಲಕ್ಕೆ ಎತ್ತಿದರು. ಅಚ್ಚು ನಿಂತಿತು. ವಿಷಯ ತಿಳಿದು ಮಾಲೀಕರು ಮಹಡಿಯಿಂದ ಇಳಿದು ಬಂದರು.

“ಯಾರು ನಿಲ್ಲಿಸಿದ್ದು?”

ಕೈಯಲ್ಲಿದ್ದ ಫೋನನ್ನು ಕೌಂಟರಿನ ಮೇಲಿಟ್ಟೆ.

“ನಾನೇ ಸಾರ್,” ಎಂದರು ಅಣ್ಣ, ನಿಂಬೆ ಹೆಚ್ಚುತ್ತಲೇ. “ಆ ಹೆಸರು ಬೇಡ ಅಂತ ಮೊದ್ಲೇ ಹೇಳ್ಬೇಕಿತ್ತು, ಮರ್ತೋಯ್ತು. ಆ ಹುಡುಗಿದೇನೂ ತಪ್ಪಿಲ್ಲ.”

ಬೈಗುಳವೆಲ್ಲ ಅವರಿಗೆ ಬಿತ್ತು. ಆ ಡ್ರಿಂಕು ‘ಏಲಕ್ಕಿ ಬಾಳೆ’ ಎಂದು ಅಚ್ಚಾಯಿತು. ನನ್ನ ಕೆಲಸ ಉಳಿಯಿತು.

ಕಳೆದ ವರ್ಷ ಹೃದಯಾಘಾತವಾಗಿ ಅವರು ತೀರಿಕೊಂಡರು. ಬ್ಯಾಡರಹಳ್ಳಿಯ ಅವರ ಮನೆಯಲ್ಲಿ ತಿಥಿಯ ದಿನ ತೀರ್ಥ ಹಾಕಿದಾಗ ನನ್ನ ಕೈ ಮತ್ತೆ ನೆತ್ತಿಗೆ ಹೋಯಿತು. ನಂಬಿಕೆ ಬಂದಿದೆ ಎಂದಲ್ಲ. ಆ ದಿನ ಕೈಯೊಡನೆ ವಾದ ಬೇಡವೆನಿಸಿತು.

ಈಗಲೂ ಹೊಸ ಹೆಸರನ್ನು ಕಳಿಸುವ ಮೊದಲು ಅಂಗೈಗೆ ಒಂದು ಚಮಚ ಹಾಕಿಕೊಳ್ಳುತ್ತೇನೆ. ಹೆಸರನ್ನು ಹೇಳುವವರಿಲ್ಲ, ನಾನೇ ಹೇಳಿಕೊಳ್ಳುತ್ತೇನೆ. ಕುಡಿದ ಮೇಲೆ ಕೈ ಎಲ್ಲಿಗೆ ಹೊರಟೀತೋ ಎಂದು ನೋಡುತ್ತ ನಿಲ್ಲುತ್ತೇನೆ.