ಚೋಟುದ್ದದ ಪೆಟ್ಟು

ಹೋದ ಭಾನುವಾರ ಪುಟ್ಟಿಯ ಮೊಣಕೈಗೆ ಕಟ್ಟಲು ಮೆತ್ತನೆಯ ಬಟ್ಟೆ ಹುಡುಕುತ್ತ ನನ್ನ ತಗಡಿನ ಟ್ರಂಕು ತೆಗೆದೆ. ಸೀರೆಗಳ ಅಡಿಯಲ್ಲಿ ಕೈಗೆ ಸಿಕ್ಕಿದ್ದು ಒಂದು ಹಳದಿ ಬಟ್ಟೆ. ಡ್ರೈವರುಗಳು ಕಾರು ಒರೆಸಲು ಹೆಗಲ ಮೇಲೆ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಮೂಗಿಗೆ ಹಿಡಿದು ನೋಡಿದೆ. ಪೆಟ್ರೋಲಿನ ವಾಸನೆ ಎಂದೋ ಹೋಗಿದೆ, ಈಗ ನುಸಿಗುಳಿಗೆಯ ವಾಸನೆ ಮಾತ್ರ. ಆದರೂ ಅದನ್ನು ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟೆ. ಹೊರಗಿನಿಂದ ನೀವೆಲ್ಲ "ಅಜ್ಜಿ, ಬಟ್ಟೆ ಸಿಕ್ತಾ?" ಎಂದು ಕೂಗುತ್ತಲೇ ಇದ್ದಿರಿ...

ಆ ಬಟ್ಟೆಯ ಕತೆ ನಿಮಗೆ ಗೊತ್ತಿಲ್ಲ. ನಾಲ್ಕು ಜನರೆದುರು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗಿಬ್ಬರಿಗೂ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ನಿಮ್ಮಪ್ಪ ಓದಿ ಹೇಳಲಿ. ಅವನಿಗೂ ಇದು ಪೂರ್ತಿ ಗೊತ್ತಿಲ್ಲ. ಆಗ ಅವನಿಗೆ ಮೂರು ವರ್ಷ.

ಭಾನುವಾರ ಆದದ್ದು ಇಷ್ಟು. ನಮ್ಮ ಇಂದಿರಾಪುರಂ ಸೊಸೈಟಿಯ ಗೇಟಿನ ಹತ್ತಿರ ಪುಟ್ಟಿ ಸೈಕಲ್ಲಿನಲ್ಲಿ ಬರುವಾಗ ಟ್ಯಾಕ್ಸಿಯೊಂದರ ಕನ್ನಡಿ ಹ್ಯಾಂಡಲ್ಲಿಗೆ ತಾಗಿ ಬಿದ್ದಳು. ಟ್ಯಾಕ್ಸಿಯವರು ಕೂಡಲೇ ನಿಲ್ಲಿಸಿ, ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಹತ್ತು ಸಲ ಸಾರಿ ಹೇಳಿ, ತಮ್ಮ ಫೋನ್ ನಂಬರನ್ನೂ ಕೊಟ್ಟು ಹೋದರಂತೆ. ಪುಟ್ಟಿ ಮನೆಗೆ ಬಂದಳು, ಜಗಳ ಶುರುವಾಯಿತು.

"ನಂಬರ್ ಇದೆಯಲ್ಲ, ಪೊಲೀಸ್ ಕಂಪ್ಲೇಂಟ್ ಕೊಡೋಣ," ಎಂದ ನಿಮ್ಮಪ್ಪ.

"ಪಪ್ಪಾ, ಪ್ಲೀಸ್! ಅಂಕಲ್ ಅಳೋ ಥರ ಆಗಿದ್ರು. ಟ್ಯಾಕ್ಸಿನೇ ಅವರ ಕೆಲಸ. ಸಾರಿ ಹೇಳಿದವರ ಮೇಲೆ ಕಂಪ್ಲೇಂಟ್ ಕೊಟ್ರೆ ನಾನು ಚುಗಲ್‌ಖೋರ್ ಆಗಲ್ವಾ?" ಎಂದಳು ಪುಟ್ಟಿ. ಚಾಡಿ ಹೇಳುವವಳು ಆಗಿಬಿಡುತ್ತೇನೆ ಎನ್ನುವುದು ಅವಳ ಸಂಕಟ.

"ಸಾರಿ ಬೋಲ್‌ನೇ ಮೇಂ ಕ್ಯಾ ಜಾತಾ ಹೈ?" ಎಂದ ಅವಳಣ್ಣ, ಸಾರಿ ಹೇಳಲು ಏನು ಗಂಟು ಹೋಗುತ್ತೆ ಎಂದು. "ನಿನ್ನ ಕೈ ಮುರಿದಿದ್ರೂ ಸಾರಿನೇ ಹೇಳ್ತಿದ್ರು."

"ತೂ ಚುಪ್ ಕರ್!" ಎಂದು ಅವನ ಬಾಯಿ ಮುಚ್ಚಿಸಿ ಪುಟ್ಟಿ ನನ್ನ ಕಡೆ ತಿರುಗಿದಳು. "ಅಜ್ಜಿ, ನೀನು ಹೇಳು."

ನಾನು "ಇರಿ, ಬಟ್ಟೆ ತರ್ತೀನಿ" ಎಂದು ಒಳಗೆ ಬಂದುಬಿಟ್ಟೆ. ಟ್ರಂಕು ತೆಗೆದದ್ದು ಆಗ.

ನಿಮ್ಮಪ್ಪ ಚಿಕ್ಕವನಿದ್ದಾಗ ನಾವು ದೆಹಲಿಯ ಆ ಬದಿಯ ಫರೀದಾಬಾದಿನಲ್ಲಿದ್ದೆವು. ನಿಮ್ಮ ತಾತ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಎರಡು ಕೋಣೆಯ ಕ್ವಾರ್ಟರ್ಸ್. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ. ಕೊನೆಯ ಎರಡು ವರ್ಷ ಪಕ್ಕದ ಹಳ್ಳಿಗೆ ಹೋಗಬೇಕಿತ್ತು ಎಂದು ಸೈಕಲ್ ಕಲಿತಿದ್ದೆ. ಮಾತಿಗಿಂತ ಸೈಕಲ್ಲೇ ನನಗೆ ಸಲೀಸು. ಹಿಂದಿಯಲ್ಲಿ ಹತ್ತು ಹದಿನೈದು ಪದ ಬರುತ್ತಿದ್ದವು: ಕಿತ್‌ನಾ, ಬಸ್, ಅಚ್ಛಾ, ಛೋಟಾ, ಬಡಾ. ಛೋಟಾ ಎಂದರೆ ಚಿಕ್ಕದು. ನಮ್ಮ ಚೋಟುದ್ದ ಇದ್ದ ಹಾಗೇ ಇದೆಯಲ್ಲ ಎಂದು ನನಗೆ ಖುಷಿ. ಹೆಬ್ಬೆರಳು ತೋರುಬೆರಳು ಚಾಚಿದರೆ ಆಗುವ ಅಳತೆ ಚೋಟು. ಊರಲ್ಲಿ ಚಿಕ್ಕದಕ್ಕೆಲ್ಲ ನಾವು ಚೋಟುದ್ದ ಎನ್ನುತ್ತಿದ್ದೆವು.

ಪ್ರತಿ ಗುರುವಾರ ಮಧ್ಯಾಹ್ನ ನಿಮ್ಮಪ್ಪನನ್ನು ಪಕ್ಕದ ಮನೆಯಲ್ಲಿ ಆಡಲು ಬಿಟ್ಟು, ಗೋಧಿಯ ಚೀಲವನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹಿಟ್ಟಿನ ಗಿರಣಿಗೆ ಹೋಗುತ್ತಿದ್ದೆ. ಗಿರಣಿಗೆ ಅಲ್ಲಿ ಚಕ್ಕಿ ಎನ್ನುತ್ತಾರೆ. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಮನಸ್ಸಿನಲ್ಲೇ ಚಕ್ಕಿಯಮ್ಮ ಎಂದು ಕರೆಯುತ್ತಿದ್ದೆ.

ಅಂಥ ಒಂದು ಗುರುವಾರ ಹಿಟ್ಟು ಬೀಸಿಸಿಕೊಂಡು ಹೊರಟು ಇನ್ನೂ ಇಪ್ಪತ್ತು ಮಾರು ಹೋಗಿರಲಿಲ್ಲ. ರಸ್ತೆ ಪಕ್ಕದಲ್ಲಿ ನಿಂತಿದ್ದ ಬಿಳಿ ಅಂಬಾಸಿಡರ್ ಕಾರಿನ ಬಾಗಿಲು ತಟ್ಟನೆ ತೆರೆಯಿತು. ಹ್ಯಾಂಡಲ್ ಬಡಿಯಿತು, ನಾನು ಬಿದ್ದೆ, ಚೀಲ ಒಡೆಯಿತು. ಬಿಸಿ ಬಿಸಿ ಹಿಟ್ಟು ತಲೆಯಿಂದ ಕಾಲಿನವರೆಗೆ. ಕಣ್ಣು ಬಿಟ್ಟರೆ ಖಾಕಿ ಅಂಗಿಯ, ನರೆತ ಮೀಸೆಯ ಒಬ್ಬರು ಎರಡೂ ಕೈ ಮುಗಿದುಕೊಂಡು ನಿಂತಿದ್ದರು. ಯಾವುದೋ ಕಾರ್ಖಾನೆಯ ಮಾಲೀಕರ ಕಾರು ಓಡಿಸುವವರು. ನಾನು ಅವರನ್ನು ಇಂದಿಗೂ ಡ್ರೈವರ್ ಭಯ್ಯಾ ಎಂದೇ ನೆನೆಯುತ್ತೇನೆ.

"ಗಲ್ತಿ ಹೋ ಗಯೀ, ಬೆಹನ್‌ಜೀ. ಮಾಫ್ ಕರ್ ದೋ. ಚೋಟ್ ತೋ ನಹೀಂ ಲಗೀ?"

ತಪ್ಪಾಯಿತು, ಕ್ಷಮಿಸಿ ಎನ್ನುತ್ತಿದ್ದಾರೆ ಎಂದು ತಿಳಿಯಿತು. ಕೊನೆಯಲ್ಲಿ ಕೇಳಿದ ಚೋಟ್ ಎಂಬುದು ನಮ್ಮ ಚೋಟುದ್ದವೇ ಎಂದುಕೊಂಡೆ. ಚಿಕ್ಕ ಪೆಟ್ಟು ತಾನೇ ಎಂದು ಕೇಳುತ್ತಿದ್ದಾರೆ, ಪಾಪ, ಎಷ್ಟು ಹೆದರಿದ್ದಾರೆ ಎಂದು ಅವರಿಗೆ ಧೈರ್ಯ ಬರಲಿ ಅಂತ ತಲೆಯಾಡಿಸಿ ಹೇಳಿದೆ: "ಹಾಂ ಜೀ, ಚೋಟ್. ಚೋಟ್."

ಹಿಂದಿಯಲ್ಲಿ ಚೋಟ್ ಎಂದರೆ ಪೆಟ್ಟು, ಗಾಯ. ಅದು ನನಗೆ ಹೇಗೆ ಗೊತ್ತಿರಬೇಕು?

ಅವರ ಮುಖ ಬಿಳುಚಿಕೊಂಡಿತು. ಜನ ಸೇರಿದರು. "ಅರೇ ಜಾನೇ ದೋ, ಮಾಫಿ ಮಾಂಗ್ ತೋ ರಹಾ ಹೈ," ಎಂದು ಕೆಲವರು. ಕ್ಷಮೆ ಕೇಳುತ್ತಿದ್ದಾನಲ್ಲ, ಬಿಟ್ಟುಬಿಡಿ ಎಂದು. "ಪೊಲೀಸ್ ಬುಲಾವೋ!" ಪೊಲೀಸರನ್ನು ಕರೆಸಿ ಎಂದು ಇನ್ನು ಕೆಲವರು. ಯಾರಿಗೂ ನನ್ನ ಮಾತು ತಿಳಿಯಲಿಲ್ಲ ಎನಿಸಿ, ಬಲಗೈಯ ಹೆಬ್ಬೆರಳು ತೋರುಬೆರಳು ಚಾಚಿ ತೋರಿಸಿದೆ. ಇಷ್ಟೇ, ಚೋಟುದ್ದ. ಚಕ್ಕಿಯಮ್ಮ ಎದೆ ಬಡಿದುಕೊಂಡರು. "ಹಾಯ್ ರಾಮ್, ಇತ್‌ನಾ ಲಂಬಾ!" ಅಷ್ಟು ಉದ್ದದ ಗಾಯ ಸೀರೆಯೊಳಗೆ ಎಲ್ಲಿದೆಯೋ ಎಂದು ಅವರ ಗಾಬರಿ.

ಡ್ರೈವರ್ ಭಯ್ಯಾ ಹೆಗಲ ಮೇಲಿದ್ದ ಹಳದಿ ಬಟ್ಟೆ ತೆಗೆದು ನನ್ನ ಎಡಗೈ ಮಣಿಕಟ್ಟಿಗೆ ಸುತ್ತಿದರು. ಚಕ್ಕಿಯಮ್ಮನನ್ನು ಜೊತೆಗೆ ಕೂರಿಸಿಕೊಂಡು ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದರು. ತರಚು ಗಾಯ ತೊಳೆದ ಡಾಕ್ಟರು, ಮಣಿಕಟ್ಟು ಎರಡು ದಿನದಲ್ಲಿ ಊದಿದರೆ ಬನ್ನಿ ಎಂದರು. ಅಲ್ಲಿಗೆ ಮುಗಿಯಿತು, ಇನ್ನು ಮನೆಗೆ ಬಿಡುತ್ತಾರೆ ಎಂದುಕೊಂಡೆ. ಕಾರು ಪೊಲೀಸ್ ಚೌಕಿಯ ಮುಂದೆ ನಿಂತಿತು. ನನ್ನನ್ನೇ ಹಿಡಿದುಕೊಡಲು ತಂದಿದ್ದಾರೆ ಎಂದುಕೊಂಡು ನಾನು ಅಳತೊಡಗಿದೆ...

ಆ ದಿನ ಆಡಿದ ಹಿಂದಿ ಮಾತೆಲ್ಲ ನನಗೆ ತಿಳಿದದ್ದು ಆಮೇಲೆ, ಚಕ್ಕಿಯಮ್ಮ ತಾತನಿಗೆ ಹೇಳಿ, ತಾತ ನನಗೆ ಹೇಳಿದ ಮೇಲೆ. ಚೌಕಿಯ ಹವಾಲ್ದಾರರಿಗೂ ಆಶ್ಚರ್ಯ. ಮಾಫಿ ಕೇಳಿದ್ದಾಯಿತು, ಔಷಧಿ ಹಾಕಿಸಿದ್ದಾಯಿತು, ಇಲ್ಲಿಗೆ ಯಾಕಯ್ಯ ಬಂದೆ ಎಂದು ಗದರಿದರು. ಮಾಲೀಕನಿಗೆ ತಿಳಿದರೆ ಕೆಲಸ ಹೋಗುತ್ತದೆ, ಗೊತ್ತಾ ಎಂದರು. "ಲಿಖ್ ಲೀಜಿಯೇ, ಸಾಬ್," ಬರೆದುಕೊಳ್ಳಿ ಎಂದಷ್ಟೇ ಡ್ರೈವರ್ ಭಯ್ಯಾ ಹೇಳಿದ್ದು. ಹವಾಲ್ದಾರರು ನನ್ನತ್ತ ತಿರುಗಿ, ಚೋಟ್ ಲಗೀ ಎಂದು ಕೇಳಿದರು. ಇವರೂ ಸಮಾಧಾನ ಮಾಡುತ್ತಿದ್ದಾರೆ ಎಂದು ನಾನು ಅಳುವಿನ ನಡುವೆಯೇ "ಚೋಟ್, ಚೋಟ್" ಎಂದೆ. ಅವರು ನಿಟ್ಟುಸಿರಿಟ್ಟು ಪೆನ್ನು ತೆಗೆದರು. ಆ ಮನುಷ್ಯನ ಅನ್ನ ನನ್ನ ನಾಲಿಗೆಯ ಮೇಲೆ ನಿಂತಿತ್ತು. ನಾನು ಅದನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೇ ಕಳೆಯುತ್ತಿದ್ದೆ.

ಅಷ್ಟರಲ್ಲಿ ಚಕ್ಕಿಯಮ್ಮ ಯಾರ ಕೈಲೋ ಹೇಳಿಕಳಿಸಿದ್ದರಿಂದ ನಿಮ್ಮ ತಾತ ಓಡಿ ಬಂದರು. ಹಿಟ್ಟು ಮೆತ್ತಿದ ನನ್ನನ್ನು ನೋಡಿ ಒಂದು ಕ್ಷಣ ಗುರುತೇ ಹತ್ತಲಿಲ್ಲ ಅವರಿಗೆ.

"ಎಷ್ಟು ಪೆಟ್ಟಾಗಿದೆಯೇ?"

"ಚೋಟುದ್ದ ರೀ! ಆಗಿನಿಂದ ಎಲ್ಲರಿಗೂ ಅದನ್ನೇ ಹೇಳ್ತಾ ಇದ್ದೀನಿ, ಕೇಳೋರೇ ಇಲ್ಲ."

"ಏನಂತ ಹೇಳ್ದೆ?"

"ಚೋಟ್ ಅಂತ."

ತಾತ ಹಣೆ ಹಿಡಿದುಕೊಂಡು ನಗತೊಡಗಿದರು. ಹೊರಗಿನವರ ಮುಂದೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ವಿಷಯ ಬಿಡಿಸಿ ಹೇಳಿದ ಮೇಲೆ ಚಕ್ಕಿಯಮ್ಮ ನಕ್ಕರು, ಹವಾಲ್ದಾರರು ನಕ್ಕರು. "ಚಲೋ, ಖತಮ್," ಎಂದು ಪೆನ್ನಿನ ಮುಚ್ಚಳ ಹಾಕಿದರು. ನನಗೆ ಹೋದ ಜೀವ ಬಂದಂತಾಯಿತು.

ನಗದವರು ಒಬ್ಬರೇ. ಡ್ರೈವರ್ ಭಯ್ಯಾ ನಿಮ್ಮ ತಾತನ ಹತ್ತಿರ ಬಂದು ನಿಧಾನವಾಗಿ ಏನೋ ಹೇಳಿದರು. ಮನೆಗೆ ಬಂದ ಮೇಲೆ ತಾತ ನನಗೆ ಕನ್ನಡದಲ್ಲಿ ಹೇಳಿದ್ದು ಇದು. ಡ್ರೈವರ್ ಭಯ್ಯಾರ ಅಣ್ಣ ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗುತ್ತಿದ್ದರಂತೆ. ಒಂದು ದಿನ ಒಬ್ಬರು ಗಾಡಿಯಲ್ಲಿ ಗುದ್ದಿ, ಕೈಮುಗಿದು, ಮನೆಯ ತನಕ ಬಿಟ್ಟು ಹೋದರಂತೆ. ಎಷ್ಟು ಒಳ್ಳೆಯವರು ಎಂದು ಇವರೇ ಟೀ ಕೊಟ್ಟು ಕಳಿಸಿದರಂತೆ. ಮೂರನೆಯ ದಿನ ಅಣ್ಣನಿಗೆ ಏಳಲಾಗಲಿಲ್ಲ. ಹುಡುಕೋಣವೆಂದರೆ ಗುದ್ದಿದವರ ಹೆಸರನ್ನೂ ಇವರು ಕೇಳಿರಲಿಲ್ಲ... "ನನ್ನ ಮಾಫಿ ನನ್ನ ಬಾಯಲ್ಲಿದೆ, ಭಾಯಿಸಾಬ್. ನಾನು ಹೋದರೆ ಅದೂ ನನ್ನ ಜೊತೆ ಹೋಗುತ್ತೆ. ಬರೆದಿಟ್ಟರೆ ನಿಮ್ಮ ಹತ್ತಿರ ಉಳಿಯುತ್ತೆ," ಎಂದರಂತೆ.

ಆ ಮಾತು ಕೇಳಿ ತಾತ ಚೌಕಿಯಲ್ಲೇ ಹವಾಲ್ದಾರರಿಂದ ಕಾಗದ ಕೇಳಿ ಪಡೆದು ತಾವೇ ಬರೆದರು. ನೋಡದೆ ಬಾಗಿಲು ತೆರೆದದ್ದು, ನಾನು ಬಿದ್ದದ್ದು, ಅವರೇ ಡಾಕ್ಟರ ಹತ್ತಿರ ಒಯ್ದದ್ದು, ಅವರೇ ಚೌಕಿಗೆ ಬಂದದ್ದು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಕೇಸು ಬೇಡ, ನಡೆದದ್ದು ದಾಖಲಾದರೆ ಸಾಕು ಎಂದರು. ಹವಾಲ್ದಾರರು ತಮ್ಮ ದಿನದ ಪುಸ್ತಕದಲ್ಲಿ ಬರೆದುಕೊಂಡರು.

ದಾರಿಯಲ್ಲಿ ನಾನು ಮುನಿಸಿಕೊಂಡೆ. ಅಷ್ಟು ಒಳ್ಳೆಯವರ ಮೇಲೆ ಚಾಡಿ ಬರೆದಿರಲ್ಲ ಎಂದೆ. ಚಕ್ಕಿಯಿಂದ ನನ್ನ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ತಾತ ನಿಂತರು. "ಆದದ್ದನ್ನ ಆದ ಹಾಗೆ ಬರೆದರೆ ಚಾಡಿ ಹೇಗಾಗುತ್ತೆ? ಅವರ ಒಳ್ಳೆಯತನಾನೂ ಅದೇ ಕಾಗದದಲ್ಲಿದೆ," ಎಂದರು.

ಮೂರನೆಯ ದಿನ ಮಣಿಕಟ್ಟು ಊದಿತು. ಸಣ್ಣ ಬಿರುಕಂತೆ, ಪ್ಲಾಸ್ಟರ್ ಹಾಕಿದರು. ಅದಕ್ಕಿಂತ ನನ್ನನ್ನು ಕೊರೆದದ್ದು ಅವರ ಕೆಲಸ ಹೋಯಿತೇ ಎಂಬ ಚಿಂತೆ. ಮುಂದಿನ ಗುರುವಾರ ಒಂದು ಕೈಯಲ್ಲಿ ಪುಟ್ಟ ಚೀಲ ಹಿಡಿದು ಚಕ್ಕಿಗೆ ನಡೆದೇ ಹೋದೆ. ಬಿಳಿ ಕಾರು ಕಾಣಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಊಟ ಸೇರುತ್ತಿರಲಿಲ್ಲ. ಮೂರನೆಯ ಗುರುವಾರ ಹಿಂದಿನಿಂದ ಎರಡು ಸಲ ಹಾರ್ನ್ ಕೇಳಿಸಿತು. ತಿರುಗಿದರೆ ಅದೇ ಬಿಳಿ ಅಂಬಾಸಿಡರ್, ಅದೇ ಮೀಸೆ. ಮಾಲೀಕರು ಎರಡು ವಾರ ಮನೆಗೆ ಕಳಿಸಿ, ಚೌಕಿಯಲ್ಲಿ ಬರೆದದ್ದನ್ನು ಓದಿಸಿ ಕೇಳಿ, ಮತ್ತೆ ಕರೆದುಕೊಂಡರು ಎಂದು ಚಕ್ಕಿಯಮ್ಮ ಆಮೇಲೆ ಹೇಳಿದರು. ಆ ಹೊತ್ತಿಗೆ ಡ್ರೈವರ್ ಭಯ್ಯಾ ಕಿಟಕಿಯಿಂದ ಕೈ ಹೊರಹಾಕಿ, ಹೆಬ್ಬೆರಳು ತೋರುಬೆರಳು ಚಾಚಿ, ಹುಬ್ಬೇರಿಸಿದರು. ಇನ್ನೂ ಇಷ್ಟಿದೆಯಾ ನೋವು ಎಂದು. ನಾನು ನಾಚಿ, ಬೆರಳುಗಳನ್ನು ಕೊಂಚ ಹತ್ತಿರ ತಂದು ತೋರಿಸಿದೆ.

ಆಮೇಲೆ ವಾರ ವಾರವೂ ಅಷ್ಟೇ ನಮ್ಮ ಮಾತು. ಎರಡು ಹಾರ್ನ್, ಎರಡು ಬೆರಳು. ಬೆರಳುಗಳು ಹತ್ತಿರ ಹತ್ತಿರ ಬಂದು ಒಂದು ದಿನ ತಾಗಿದವು. ಅವರು ನಕ್ಕು ಹೋದರು. ಅದೇ ಚಳಿಗಾಲದಲ್ಲಿ ತಾತನಿಗೆ ದೆಹಲಿಗೆ ವರ್ಗವಾಯಿತು. ಒಗೆದು ಮಡಿಸಿಟ್ಟಿದ್ದ ಹಳದಿ ಬಟ್ಟೆ ಕೊಡುವುದು ಉಳಿದೇಹೋಯಿತು...

ಭಾನುವಾರ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಕೂತು, ಕೊನೆಗೆ ಹೊರಗೆ ಬಂದು ನಿಮ್ಮಪ್ಪನಿಗೆ ಹೇಳಿದೆ. "ಬರೆದು ಕೊಡು. ಆದರೆ ಮೊದಲು ಅವರಿಗೆ ಫೋನ್ ಮಾಡಿ ತಿಳಿಸು. ಅವರು ಎಬ್ಬಿಸಿದ್ದು, ನೀರು ಕೊಟ್ಟಿದ್ದು, ಎಲ್ಲಾ ಬರೀಬೇಕು." ನೀವೆಲ್ಲ ನನ್ನ ಮುಖ ನೋಡಿದಿರಿ. ಅಷ್ಟು ಉದ್ದದ ಮಾತು ನನ್ನಿಂದ ಕೇಳಿರಲಿಲ್ಲವಲ್ಲ.

ಫೋನಿನಲ್ಲಿ ಆ ಟ್ಯಾಕ್ಸಿಯವರು ನಿಮ್ಮಪ್ಪ ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು. ಅವರು ಫೋನ್ ಇಟ್ಟುಬಿಟ್ಟಿದ್ದರೂ ನಾನು ಬರೆಯಿರಿ ಎಂದೇ ಹೇಳುತ್ತಿದ್ದೆ, ಆದರೆ ಮನಸ್ಸು ಮುದುಡುತ್ತಿತ್ತು. ಆಮೇಲೆ ಕೇಳಿಸಿತು: "ಠೀಕ್ ಹೈ, ಭಾಯಿಸಾಬ್. ಮೈಂ ಭೀ ಚಲ್ತಾ ಹೂಂ." ನಾನೂ ಬರುತ್ತೇನೆ ಎಂದರು. ಪುಟ್ಟಿ ಉಸಿರು ಬಿಟ್ಟದ್ದು ನಾನು ನಿಂತಲ್ಲಿಗೇ ಕೇಳಿಸಿತು. ನನ್ನದೂ ಅವಳಿಗೆ ಕೇಳಿಸಿರಬೇಕು.

ಡ್ರೈವರ್ ಭಯ್ಯಾ ಈಗ ಇರಲಾರರು. ಅವರ ಹೆಸರೂ ನನಗೆ ಗೊತ್ತಿಲ್ಲ. ಅದು ನಿಮ್ಮ ತಾತನ ದುಂಡು ಅಕ್ಷರದಲ್ಲಿ ಆ ಕಾಗದದ ಮೇಲಿತ್ತು. ಆಗ ನನಗೆ ಹಿಂದಿ ಓದಲು ಬರುತ್ತಿರಲಿಲ್ಲ. ಓದಲು ಕಲಿತ ಮೇಲೆ ತಾತನನ್ನು ಕೇಳಬಹುದಿತ್ತು, ಕೇಳಲಿಲ್ಲ. ಈಗ ಕೇಳೋಣ ಎಂದರೆ ತಾತನೂ ಇಲ್ಲ.

ಬಟ್ಟೆಯನ್ನು ಪುಟ್ಟಿಯ ಮೊಣಕೈಗೆ ಕಟ್ಟಿದ್ದೇನೆ. ಪುಟ್ಟಿ, ನಿಮ್ಮಪ್ಪ ಇದನ್ನು ಓದಿ ಮುಗಿಸಿದ ಮೇಲೆ ನನ್ನ ಹತ್ತಿರ ಬಾ. ನೋವು ಎಷ್ಟಿದೆ ಎಂದು ಬಾಯಲ್ಲಿ ಹೇಳಬೇಡ. ಬೆರಳಿನಲ್ಲಿ ತೋರಿಸು.