ಬಾಯಿಪಾಠ ಮಾಡಿದ ಕಣ್ಣಿನ ಪಟ

ನಾನು ಚಿಕ್ಕವನಿದ್ದಾಗ ನಮ್ಮ ಪಾಪಿನಾಯಕನಹಳ್ಳಿಯ ಬೇವಿನ ಮರಗಳೂ ಕೆಂಪಗಿದ್ದವು. ಅದಿರಿನ ಲಾರಿಗಳು ಎಬ್ಬಿಸಿದ ಧೂಳು ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೂ ಕೂರುತ್ತಿತ್ತು. ಅಪ್ಪ ಅಂಥದೇ ಲಾರಿಯ ಡ್ರೈವರ್. ನನಗೋ ಹುಟ್ಟಿನಿಂದಲೇ ಎಲ್ಲ ಮಂಜು ಮಂಜು. ಕನ್ನಡಕ ಹಾಕಿದರೂ ಮೂಗಿನ ಹತ್ತಿರ ಬಂದದ್ದು ಮಾತ್ರ ಕಾಣುತ್ತಿತ್ತು. ಅಪ್ಪನ ಲಾರಿಯ ಹಿಂದೆ, ಎತ್ತರದಲ್ಲಿ, ಒಂದು ಗಿಳಿಯ ಚಿತ್ರವಿದೆ ಎಂದು ಅಕ್ಕ ಹೇಳುತ್ತಿದ್ದಳು. ಎಂಥ ಗಿಳಿ, ಎಷ್ಟು ದೊಡ್ಡದು, ಯಾವ ಕಡೆ ನೋಡುತ್ತಿದೆ ಎಂದು ಕೇಳಿ ಕೇಳಿ ಅವಳ ತಲೆ ತಿನ್ನುತ್ತಿದ್ದೆ.

ಪುಸ್ತಕವನ್ನು ಮೂಗಿಗೆ ಹಚ್ಚಿಕೊಂಡರೆ ಅಪ್ಪ, "ಕಣ್ಣು ಸವೀತಾವಲೇ, ದೂರ ಹಿಡಿ" ಎಂದು ಗದರುತ್ತಿದ್ದ. ದೂರ ಹಿಡಿದರೆ ಅಕ್ಷರವೇ ಮಾಯ! ಕೊನೆಗೆ ಮೇಷ್ಟ್ರು, ಇವನನ್ನು ದೂರದ ಅಂಧರ ಶಾಲೆಗೆ ಸೇರಿಸಿ, ಅಲ್ಲೇ ಹಾಸ್ಟೆಲ್ ಇದೆ ಎಂದರು. ಅಕ್ಕನನ್ನು ಬಿಟ್ಟಿರಬೇಕಲ್ಲ ಎಂದು ನನಗೆ ಜೀವ ಬಾಯಿಗೆ ಬಂತು. ಅದಕ್ಕೂ ಮೊದಲು ಒಮ್ಮೆ ತೋರಿಸಿಬಿಡೋಣ ಎಂದು ಅಪ್ಪ ನಮ್ಮಿಬ್ಬರನ್ನೂ ಲಾರಿಯಲ್ಲೇ ಹೊಸಪೇಟೆಯ ಕಣ್ಣಿನ ಶಿಬಿರಕ್ಕೆ ಕರೆದೊಯ್ದ.

ಅಲ್ಲಿ ಉದ್ದ ಸಾಲು. ಅಕ್ಕ ಮೆಲ್ಲಗೆ ಬಾಗಿಲಲ್ಲಿ ಇಣುಕಿ, ಗೋಡೆಯ ಪಟ ನೋಡಿ ಬಂದು ನನ್ನ ಕಿವಿಯಲ್ಲಿ ಉಸುರಿದಳು: "ಗ, ರ, ಸ, ದ, ನ... ಬಾಯಿಪಾಠ ಮಾಡ್ಕೋ. ಪಾಸಾದ್ರ ಹಾಸ್ಟೆಲಿಗೆ ಕಳ್ಸಂಗಿಲ್ಲ." ಮಗ್ಗಿಯ ಹಾಗೆ ಉರು ಹೊಡೆದೆ.

ನನ್ನ ಸರದಿ ಬಂತು. ಡಾಕ್ಟರಮ್ಮ ಕೇಳಿದ್ದೇ ತಡ, ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಆದರೆ ಅಷ್ಟರಲ್ಲಿ ಅವರು ಆ ಪಟ ತೆಗೆದು ಅಂಕಿಗಳ ಪಟ ಹಾಕಿದ್ದರು! "ಇದರಾಗ ಅಕ್ಷರಾನೇ ಇಲ್ಲಪ್ಪ" ಎಂದರು. ಸಿಕ್ಕಿಬಿದ್ದೆನಲ್ಲ ಎಂದು ಗೊಳೋ ಎಂದು ಅತ್ತೆ.

ಡಾಕ್ಟರಮ್ಮ ನಕ್ಕರು. "ಇದು ಪರೀಕ್ಷೆ ಅಲ್ಲಪ್ಪ. ಕಾಣದಿದ್ರ ಕಾಣಂಗಿಲ್ಲ ಅನ್ನು. ಆಗ ನಾನು ಏನರ ಮಾಡಬಹುದು." ತುಂಬ ಹೊತ್ತು ತಾಳ್ಮೆಯಿಂದ ಪರೀಕ್ಷಿಸಿ ಅಪ್ಪನಿಗೆ ಹೇಳಿದರು: "ಹತ್ರ ಹಿಡಿದ್ರ ಕಣ್ಣು ಸವೆಯಂಗಿಲ್ರಿ. ಇವನು ನಿಮ್ಮೂರ ಶಾಲ್ಯಾಗ ಓದ್ಲಿ ಬಿಡ್ರಿ." ಪುಸ್ತಕಕ್ಕೊಂದು ಭೂತಗನ್ನಡಿ, ಬೋರ್ಡು ನೋಡಲು ಒಂದೇ ಕಣ್ಣಿಗೆ ಹಿಡಿಯುವ ಪುಟ್ಟ ದುರ್ಬೀನು ಕೊಟ್ಟರು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಹೊರಗೆ ಬಂದವನೇ ದುರ್ಬೀನನ್ನು ಲಾರಿಯತ್ತ ತಿರುಗಿಸಿದೆ. ಬರೀ ಕೆಂಪು. "ಗಿಳಿ ಎಲ್ಲೈತಿ?" ಎಂದೆ. ಅಪ್ಪ ಹೆಗಲ ಟವೆಲ್ ತೆಗೆದು ಧೂಳು ಒರೆಸಿದ. ಮೊದಲು ಹಸಿರು ಬಾಲ, ಆಮೇಲೆ ರೆಕ್ಕೆ, ಕೊಕ್ಕು. ಗಿಳಿಗೆ ಮೆಳ್ಳಗಣ್ಣು! ಅದನ್ನು ಅಕ್ಕ ಹೇಳಿಯೇ ಇರಲಿಲ್ಲ. ನಾನೇ ಕಂಡುಹಿಡಿದೆ ಎಂದು ಕುಣಿದಾಡಿದೆ.

ಈಗ ಅದಿರಿನ ಲಾರಿಗಳು ಕಡಿಮೆಯಾಗಿ ನಮ್ಮೂರ ಬೇವು ಹಸಿರಾಗಿದೆ. ಅಕ್ಕನ ಮಕ್ಕಳು ಫೋನಿನ ಮೇಲೆ ಎರಡು ಬೆರಳಾಡಿಸಿ ಬೇಕಾದ್ದನ್ನು ದೊಡ್ಡದು ಮಾಡಿ ನನಗೆ ತೋರಿಸುತ್ತಾರೆ. ಮೊನ್ನೆ ಶಾಲೆಯಲ್ಲಿ ಕಣ್ಣಿನ ತಪಾಸಣೆ ಇದೆ ಎಂದಾಗ ಚಿಕ್ಕವನು ನನ್ನ ಪಕ್ಕ ಬಂದು ಪಿಸುಗುಟ್ಟಿದ: "ಮಾಮಾ, ಪಟದಾಗ ಏನಿರ್ತೈತಿ? ಮೊದ್ಲೇ ಹೇಳ್ಬಿಡು."

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅಕ್ಕ ಕೂಗಿದಳು: "ಕಾಣದಿದ್ರ ಕಾಣಂಗಿಲ್ಲ ಅನ್ನಲೇ!"