ಹೋಂವರ್ಕಿನ ಮುಯ್ಯಿ

ಇವತ್ತಿಗೂ ಯಾರಾದರೂ ಕಂಪ್ಯೂಟರಿನ ಹೆಸರೆತ್ತಿದರೆ ಈಶಪ್ಪ ಮೊದಲು ಬಾಯಲ್ಲಿದ್ದ ಎಲೆಅಡಿಕೆ ಉಗುಳುತ್ತಾನೆ, ಆಮೇಲೆ ಮಾತು ಶುರುಮಾಡುತ್ತಾನೆ. ಅವನ ಮಗಳು ಇಬ್ಬರ ಕೆಲಸವನ್ನು ಒಬ್ಬಳೇ ಮಾಡಿದ್ದಳು. ಅದಕ್ಕೆ ಆ ಡಬ್ಬಿ ಅವಳಿಗೆ ಸೊನ್ನೆ ಹಾಕಿತು. ಹಾಕಿದ್ದಲ್ಲದೆ ಹೆಸರಿನ ಮುಂದೆ ಕೆಂಪಕ್ಷರದಲ್ಲಿ ‘ನಕಲು’ ಎಂದೂ ಬರೆಯಿತು. ಕೂಲಿ ಕೊಡದವರನ್ನು ಅವನು ಕಂಡಿದ್ದ. ದುಡಿಸಿಕೊಂಡು, ಕೂಲಿ ಕೊಡದೆ, ಮೇಲೆ ಕಳ್ಳಿ ಅನ್ನುವವರನ್ನು ಕಂಡದ್ದು ಅದೇ ಮೊದಲು.

ಈಶಪ್ಪನದು ಶಹಾಪುರದ ಕಡೆ, ಕಾಲುವೆ ನೀರು ಎಲ್ಲರ ಹೊಲ ಮುಟ್ಟಿ ಕೊನೆಗೆ ಬರುವ ಊರು. ಅವನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಕಾಲುವೆ ಅಗೆಯುವ ಯಂತ್ರಗಳು ಊರ ಹೊರಗೆ ಬಂದು ನಿಂತವು. ಸಾಲಿ ಬಿಟ್ಟು ನೋಡಲು ಹೋದ. ಮರುದಿನ ಮಾಸ್ತರರು ಹೊಡೆಯಲು ಎತ್ತಿದ ಬೆತ್ತವನ್ನು ಕಿತ್ತುಕೊಂಡು ಮೊಣಕಾಲಿಗೆ ಹಚ್ಚಿ ಮುರಿದ. ಅಲ್ಲಿಗೆ ವಿದ್ಯೆ ಮುಗಿಯಿತು. ಸಿಟ್ಟು ಮಾತ್ರ ವರ್ಷದಿಂದ ವರ್ಷಕ್ಕೆ ಪಾಸಾಗುತ್ತಾ ಬಂತು. ಊರಲ್ಲಿ ನೀರಿನ ಸಭೆ ಕೂಡಿದರೆ ಇವನನ್ನು ಬಾಗಿಲ ಹತ್ತಿರವೇ ಕೂರಿಸುತ್ತಾರೆ, ಎದ್ದು ಹೋಗಲು ಅನುಕೂಲವಾಗಲಿ ಎಂದು.

ಆದರೆ ಮುಯ್ಯಿಯ ಮಾತು ಬಂದರೆ ಅದೇ ಜನ ಇವನ ಮನೆಗೇ ಬರಬೇಕು. ಆಳಿಗೆ ಕೂಲಿ ಕೊಡಲಾಗದ ಸಣ್ಣ ಹಿಡುವಳಿಯವರು ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಒಬ್ಬರಿಗೊಬ್ಬರು ದುಡಿಯುವ ಪದ್ಧತಿ ಅದು. ಯಾರು ಯಾರಿಗೆ ಎಷ್ಟು ದುಡಿದರು ಎನ್ನುವುದೆಲ್ಲ ಈಶಪ್ಪನಿಗೆ ಬಾಯಿಪಾಠ. ಅವನ ಕಾನೂನು ಒಂದೇ: ಸಸಿ ಹಚ್ಚಿದ್ದಕ್ಕೆ ಸಸಿ ಹಚ್ಚಿಯೇ ತೀರಿಸಬೇಕು, ಕಳೆ ಕಿತ್ತಿದ್ದಕ್ಕೆ ಕಳೆ ಕಿತ್ತು. ಒಮ್ಮೆ ಕೊಂಕಲ್‌ನಿಂದ ಅವನ ಹೆಂಡತಿ ಸುಂದ್ರಮ್ಮನ ತಮ್ಮ ನಾಟಿಯ ಮುಯ್ಯಿ ತೀರಿಸಲೆಂದು ಒಂದು ಬಂಡಿ ಮೇವು ಹೇರಿಕೊಂಡು ಬಂದಿದ್ದ. ಈಶಪ್ಪ ಬಂಡಿಯನ್ನು ಹಾಗೇ ತಿರುಗಿಸಿ ಕಳಿಸಿದ. ಮುಂದೆ ಎಷ್ಟೋ ದಿನ ಭಾವ ಮೈದುನರಿಗೆ ಮಾತಿರಲಿಲ್ಲ.

ಮಗಳು ದೇವಕಮ್ಮ ಶಹಾಪುರದಲ್ಲಿ ಬಿಎಸ್ಸಿ ಓದುತ್ತಿದ್ದಳು. ಪಕ್ಕದ ಮನೆಯ ಮಜೀದಾಳ ಮಗಳು ಮಮ್ತಾಜಳೂ ಅದೇ ಕ್ಲಾಸು, ಅದೇ ಬಸ್ಸು. ಆ ವರ್ಷ ಭೌತಶಾಸ್ತ್ರಕ್ಕೆ ಸುರಪುರದ ಕಡೆಯಿಂದ ಯಂಕಣ್ಣ ಸರ್ ಎಂಬ ಹೊಸಬರು ಬಂದರು. ಇಸ್ತ್ರಿ ಅಂಗಿ, ಕೈಗೆ ಸೀಮೆಸುಣ್ಣ ಹತ್ತಬಾರದು. ಹೋಂವರ್ಕ್ ಎಲ್ಲ ಇನ್ನು ಆನ್‌ಲೈನ್ ಎಂದರು. ಅದರ ಅಂಕ ಇಂಟರ್ನಲ್‌ಗೆ ಸೇರುತ್ತದೆ, ಇಂಟರ್ನಲ್ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ ಎಂದು ಮೊದಲ ದಿನವೇ ಸಾರಿಬಿಟ್ಟರು.

ಮಗಳು ಕಟ್ಟೆಯ ಮೇಲೆ ಫೋನು ಹಿಡಿದು ಕೂತದ್ದನ್ನು ಕಂಡು ಈಶಪ್ಪ ವಿಚಾರಣೆ ಶುರುಮಾಡಿದ.

“ಇದನ್ನ ಕೊಟ್ಟೋರು ಯಾರು?”

“ಸೈಟ್ ಕೊಡ್ತದಪ್ಪ.”

“ತಿದ್ದೋರು?”

“ಅದೂ ಸೈಟೇ.”

“ಮತ್ತ ನಿಮ್ಮ ಸರ್ ಏನ್ ಮಾಡ್ತಾರ?”

“ಯಾರಿಗೆಷ್ಟು ಬಂತು ಅಂತ ನೋಡ್ತಾರ.”

“ನೋಡಾಕ ಪಗಾರ ಅದ ಅನ್ನು,” ಎಂದ ಈಶಪ್ಪ. “ಏನು ಕೇಳ್ಯಾರ, ಓದಿ ಹೇಳು.”

ಹಿಮದ ಇಳಿಜಾರಿನಲ್ಲಿ ಒಂದು ಗಾಡಿ ಜಾರುತ್ತಿದೆ, ಕೆಳಗೆ ಮುಟ್ಟುವಾಗ ಅದರ ವೇಗ ಎಷ್ಟು ಎಂದು ಅವಳು ಕನ್ನಡದಲ್ಲಿ ಹೇಳಿದಳು. ಹಿಮ ಎಂದರೇನು ಎಂದೂ ಬಿಡಿಸಿ ಹೇಳಬೇಕಾಯಿತು.

“ಈ ಬಿಸಿಲಾಗ ಡಾಂಬರು ಕರಗಾಕತ್ತದ, ಇವರಿಗೆ ಹಿಮದ ಮ್ಯಾಲ ಗಾಡಿ ಓಡಸಬೇಕಾಗ್ಯದ,” ಎಂದು ಈಶಪ್ಪ ನಕ್ಕ. “ನಿಮ್ಮ ಸರ್ ನೋಡ್ಯಾರೇನು ಹಿಮ?”

“ಫ್ರಿಜ್ಜಿನಾಗ ನೋಡಿರಬೇಕು,” ಎಂದಳು ದೇವಕಮ್ಮ.

ಅವಳ ಸಂಕಟ ಹಿಮದ್ದಲ್ಲ. ಉತ್ತರ ಸರಿ ಇದ್ದು ಮುಂದಿನ ಋಣಚಿಹ್ನೆ ಬಿಟ್ಟರೆ ಸೈಟು ತಪ್ಪು ಅನ್ನುತ್ತಿತ್ತು. ದಶಮಾಂಶದ ಒಂದಂಕಿ ಹೆಚ್ಚಾದರೂ ತಪ್ಪು. ಯಾಕೆ ತಪ್ಪು ಎಂದು ಮಾತ್ರ ಹೇಳುತ್ತಿರಲಿಲ್ಲ. ಒಂದೇ ಲೆಕ್ಕವನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಅಂಕಿ ಹಾಕಿ ಕೊಡುತ್ತಿತ್ತು, ಪಕ್ಕದವರದ್ದು ನೋಡಿ ಬರೆಯಬಾರದೆಂದು. ಬೆತ್ತ ಹಿಡಿದ ಮಾಸ್ತರನೇ ವಾಸಿ, ಅವನ ಬೆತ್ತ ಕಣ್ಣಿಗಾದರೂ ಕಾಣುತ್ತಿತ್ತು ಎಂದು ಈಶಪ್ಪ ತೀರ್ಪು ಕೊಟ್ಟ.

ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರು. ಮಜೀದಾ ಗುತ್ತಿಗೆಗೆ ಹಿಡಿದ ಹೊಲ ಮೇಲ್ಗಡೆ ಇದ್ದುದರಿಂದ ಅವಳ ನಾಟಿ ಮೊದಲು ಬಂತು. ಈಶಪ್ಪನದು ಅದರ ಮರುವಾರ. ಸಂಜೆ ಮಮ್ತಾಜ ಮೊಣಕೈತನಕ ಕೆಸರಿನಲ್ಲೇ ಬಂದು ನಿಂತಳು. “ಕಾಕಾ, ಈ ವಾರ ಹೋಂವರ್ಕ್ ಆಗೂ ಹಂಗಿಲ್ಲ. ಅಮ್ಮಾ ಹೊಲ ಬಿಡಾಕ ಕೊಡವಲ್ಲಳು.”

ಈಶಪ್ಪ ಯೋಚಿಸಲೂ ಇಲ್ಲ. “ಅದಕ್ಕೇನು, ಮುಯ್ಯಿ ಮಾಡ್ಕೊರಿ. ಈ ವಾರ ನಿಂದು ದೇವಕಿ ಮಾಡ್ತಾಳ. ಮುಂದಿನ ವಾರ ಆಕಿ ಗದ್ದ್ಯಾಗಿರ್ತಾಳ, ಆಕಿದು ನೀ ಮಾಡು.”

“ಎಪ್ಪಾ, ಇದು ಹೊಲ ಅಲ್ಲ,” ಎಂದಳು ದೇವಕಮ್ಮ.

“ಬೆನ್ನು ಬಗ್ಗಸೂದು ಎರಡೂ ಕಡಿ ಅದ. ಮಾಡು.”

ಅವಳು ಮಾಡಿದಳು. ಮನೆಯಲ್ಲಿದ್ದ ಒಂದೇ ಫೋನಿನಲ್ಲಿ ಮೊದಲು ತನ್ನ ಹೆಸರಿಂದ ಅಷ್ಟೂ ಲೆಕ್ಕ ಬಿಡಿಸಿದಳು. ಆಮೇಲೆ ಮಮ್ತಾಜಳ ಹೆಸರಿಂದ ತೆರೆದಳು. ಅಂಕಿಗಳೆಲ್ಲ ಬೇರೆ. ಮತ್ತೆ ಮೊದಲಿಂದ, ಒಂದೂ ಬಿಡದೆ ಬಿಡಿಸಿದಳು. ಎರಡೂ ಪೂರಾ ಸರಿ. ಸುಂದ್ರಮ್ಮ ಮಗಳ ತಲೆಗೆ ಎಣ್ಣೆ ತಟ್ಟಿದಳು.

ಸೋಮವಾರ ಇಬ್ಬರ ಹೆಸರಿನ ಮುಂದೆಯೂ ಕೆಂಪಕ್ಷರ. ಹೋದ ವಾರಗಳ ಅಂಕವನ್ನೂ ತಡೆಹಿಡಿದಿತ್ತು. ಹಾಗೇ ಇದ್ದರೆ ಇಬ್ಬರಿಗೂ ಪರೀಕ್ಷೆ ಇಲ್ಲ.

ಈಶಪ್ಪ ರುಮಾಲು ಸುತ್ತಿ ಮರುದಿನದ ಬಸ್ಸಿಗೆ ಶಹಾಪುರಕ್ಕೆ ಬಂದ. ಹುಡುಗಿಯರಿಬ್ಬರೂ ಹಿಂದೆ. ಯಂಕಣ್ಣ ಸರ್ ಕ್ಲಾಸಿನ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರು. ಕೂಡ್ರಿ ಎಂದರು. ಈಶಪ್ಪ ಕೂಡಲಿಲ್ಲ.

“ಒಂದೇ ಫೋನಿಂದ ಎರಡು ಹೆಸರು ಬಂದಾವ್ರಿ,” ಎಂದರು ಸರ್. “ಸಿಸ್ಟಮ್ ಹಿಡದದ. ನನ್ನ ಕೈಯಾಗ ಏನಿಲ್ಲ.”

“ಯಾರ ಕೈಯಾಗ ಅದ ಹೇಳ್ರಿ, ಅವರ ಹತ್ರಾನ ಹೋಗ್ತೀನಿ.”

“ಅದು ಯಂತ್ರರಿ.”

“ಕಾಲುವಿ ಗೇಟೂ ಯಂತ್ರಾನ. ಆದ್ರ ತಿರುವೋ ಮನಷ್ಯಾ ಒಬ್ಬ ಇರ್ತಾನ, ಅವಂಗ ಬೈಯಾಕ ಬರ್ತದ. ಇಲ್ಲಿ ಯಾರಿಗೆ ಬೈಲಿ? ನಿಮ್ಮಷ್ಟಕ್ಕ ನೀವು ಪಗಾರ ತಗೊಂಡು ನೋಡ್ಕೋತ ಕುಂತೀರಿ.”

“ಹಿರ್ಯಾರು ನೀವು, ಸಮಾಧಾನ ಮಾಡ್ಕೊರಿ. ಒಬ್ಬರ ಹೋಂವರ್ಕ್ ಇನ್ನೊಬ್ಬರು ಮಾಡಿದ್ರ ಅದು ಕಾಪಿನ.”

“ನಕಲು ಅಂದ್ರ ನೋಡಿ ಬರಿಯೂದು. ನಮ್ಮಕಿ ಯಾರದ್ದು ನೋಡ್ಯಾಳ? ಎರಡು ಸಲ ದುಡದಾಳ.” ಈಶಪ್ಪ ಮೇಜಿನ ಮೇಲೆ ಕೈಯೂರಿದ. “ನಿಮ್ಮೂರಿಗೆ ಕಾಲುವಿ ನೀರು ಅದೇನ್ರಿ ಸರ್?”

“ಅದ.”

“ಮುಯ್ಯಿ ಅಂದ್ರ ಗೊತ್ತದೇನು?”

“ನಾ ಗದ್ದಿಗೆ ಇಳದಿಲ್ರಿ,” ಎಂದರು ಸರ್, ಕಂಪ್ಯೂಟರಿನ ಕಡೆ ನೋಡುತ್ತ.

“ನಿಮ್ಮವ್ವ ಇಳದಾಳಲ್ಲ. ಆಕಿ ಮಂದಿ ಹೊಲದಾಗ ಸಸಿ ಹಚ್ಚಿ ಮುಯ್ಯಿ ಕೂಡಸಿದ್ದಕ್ಕ ನೀವು ಈ ಅಂಗಿ ಹಾಕ್ಕೊಂಡು ಕುಂತೀರಿ. ಆಕಿ ಹೆಸರಿನ ಮುಂದೂ ನಕಲು ಅಂತ ಬರೀರಿ.”

ದೇವಕಮ್ಮ ತಲೆ ತಗ್ಗಿಸಿದಳು. ಸರ್ ಮುಖ ಕೆಂಪಾಯಿತು. ಹುಡುಗಿಯರನ್ನು ಬೋರ್ಡಿಗೆ ಕರೆದರು. ಸೈಟಿನದಲ್ಲದ, ತಮ್ಮದೇ ಒಂದೊಂದು ಲೆಕ್ಕ ಕೊಟ್ಟರು. ದೇವಕಮ್ಮ ನಿಲ್ಲದೆ ಬರೆದು ಮುಗಿಸಿದಳು. ಮಮ್ತಾಜ ಚಿಹ್ನೆಯಲ್ಲಿ ಎಡವಿದಳು, ತಾನೇ ಕಂಡುಕೊಂಡು ಅಂಗೈಯಿಂದ ಒರೆಸಿ ತಿದ್ದಿದಳು. ಸರ್ ಕೊನೆಗೂ ಎದ್ದು ಹೋಗಿ ಅವಳ ಕೈಯಿಂದ ಸೀಮೆಸುಣ್ಣ ಈಸಿಕೊಂಡು ಅದು ಯಾಕೆ ಹಾಗೆ ಎಂದು ಹೇಳಿಕೊಟ್ಟರು.

ಆಮೇಲೆ ಏನೋ ಒತ್ತಿದರು, ಕೆಂಪಕ್ಷರ ಹೋಯಿತು. ಯಾರ ಕೈಯಲ್ಲೂ ಇಲ್ಲದ್ದು ಅಷ್ಟು ಬೇಗ ಹೇಗೆ ಹೋಯಿತೆಂದು ಈಶಪ್ಪ ಕೇಳದೆ ಬಿಡಲಿಲ್ಲ. ಹಳೆಯ ಅಂಕ ಹಿಂದಕ್ಕೆ ಬರುತ್ತವೆ, ಆದರೆ ಈ ವಾರದ್ದು ಇಬ್ಬರಿಗೂ ಸೊನ್ನೆಯೇ, ಇನ್ನು ಮುಂದೆ ಇಬ್ಬರೂ ಕಾಲೇಜಿನ ಕಂಪ್ಯೂಟರಿನಲ್ಲಿ ತಮ್ಮ ಎದುರಿಗೇ ಕೂತು ಹೋಂವರ್ಕ್ ಮಾಡಬೇಕು ಎಂದರು ಸರ್.

“ತನ್ನ ಪಾಲಿಂದಾದ್ರೂ ಆಕಿ ಮಾಡ್ಯಾಳಲ್ರಿ. ಅದಕ್ಯಾಕ ಸೊನ್ನಿ?”

“ರೂಲ್ಸ್ ಹಂಗ ಅದಾವ್ರಿ.”

ಮರುವಾರ ಈಶಪ್ಪನ ಗದ್ದೆಗೆ ನೀರು ಬಂತು. ಬೆಳಿಗ್ಗೆ ಮಜೀದಾ ಮಗಳನ್ನೂ ಕರೆದುಕೊಂಡು ಬದುವಿನ ಮೇಲೆ ನಿಂತಳು. ಮಮ್ತಾಜ ಸೆರಗು ಸಿಕ್ಕಿಸಿಕೊಂಡು ತಯಾರಾಗಿದ್ದಳು.

“ಈಶಪ್ಪಣ್ಣ, ದೇವಕಿ ಕಾಲೇಜಿಗೆ ಹೋಗಲಿ. ಆಕಿ ಜಾಗಾದಾಗ ಇಕಿ ಸಸಿ ಹಚ್ತಾಳ,” ಎಂದಳು ಮಜೀದಾ. “ಫೋನಿನಾಗ ಮಾಡಿದ ಮುಯ್ಯಿ ಇಕಿಗೆ ಇನ್ನ ಫೋನಿನಾಗ ತೀರಸಾಕ ಆಗೂದಿಲ್ಲಲ್ಲ.”

“ಮಜೀದಕ್ಕ, ನಿನ್ನ ಹೊಲಕ್ಕ ಸುಂದ್ರಿ ಬಂದಿದ್ದಳು, ಅದಕ್ಕ ನೀ ಬಂದಿ. ಅದು ಸರಿ ಹೋತು, ನೀ ಇಳಿ. ಇಕಿದು ಸಸಿ ಲೆಕ್ಕ ಅಲ್ಲ. ಓದಿನ ಮುಯ್ಯಿ ಕೆಸರಾಗ ತೀರೂದಿಲ್ಲ.”

“ಅಲ್ರಿ,” ಎಂದಳು ಸುಂದ್ರಮ್ಮ ಗದ್ದೆಯೊಳಗಿನಿಂದ, “ಹುಡುಗಿ ತಾನಾಗೇ ಬಂದು ನಿಂತಾಳ. ನಮ್ಮಕಿಗೆ ಇನ್ನೊಂದು ಸೊನ್ನಿ ತಪ್ತದ.”

“ನಿನ್ನ ತಮ್ಮನ ಮೇವಿನ ಬಂಡಿ ತಿರುಗಿಸಿ ಕಳಿಸೀನಿ. ಇವತ್ತ ಇಕಿದು ಹಿಡಕೊಂಡ್ರ ನಾಳಿ ಅವನ ಮಾರಿ ಹೆಂಗ ನೋಡ್ಲಿ?”

“ಅವನ ಮಾರಿ ನೀವು ನೋಡೂದ ಇಲ್ಲಲ್ಲ,” ಎಂದು ಸುಂದ್ರಮ್ಮ ಸಸಿಯ ಕಟ್ಟು ಬಿಚ್ಚಿದಳು.

ದೇವಕಮ್ಮ ಅಪ್ಪನ ಮುಖ ನೋಡಿದಳು. ಗದ್ದೆಗಿಳಿದಳು. ಮಮ್ತಾಜ ಒಬ್ಬಳೇ ಬಸ್ಸು ಹತ್ತಿ ಹೋದಳು. ಆ ವಾರವೂ ದೇವಕಮ್ಮನಿಗೆ ಸೊನ್ನೆ ಬಂತು. ಉಳಿದ ವಾರಗಳನ್ನು ಜೋರಾಗಿ ಎಳೆದು, ಇಂಟರ್ನಲ್ ಹೇಗೋ ಮುಟ್ಟಿಸಿ ಪರೀಕ್ಷೆಗೆ ಕೂತಳು, ಪಾಸೂ ಆದಳು. ಆ ಎರಡನೇ ಸೊನ್ನೆಯ ಹೊರೆಯನ್ನೂ ಈಶಪ್ಪ ಕಂಪ್ಯೂಟರಿನ ತಲೆಗೇ ಕಟ್ಟಿದ್ದಾನೆ. ಮನೆಯಲ್ಲಿ ಯಾರೂ ಎದುರು ಮಾತಾಡಲು ಹೋಗಿಲ್ಲ.

ಈಗ ಮಮ್ತಾಜ ಯಾದಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ದೇವಕಮ್ಮ ಬಿಎಡ್ ಮಾಡುತ್ತಿದ್ದಾಳೆ. ಮೊನ್ನೆ ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಈಶಪ್ಪನಿಗೆ ಮಮ್ತಾಜ ಎದುರಾದಳು. ಚಹಾ ಕುಡಿಸುತ್ತೇನೆ ಬಾ ಎಂದರೆ ಒಲ್ಲೆ ಎಂದ.

“ಈ ಚಹಾದಾಗ ಆ ಮುಯ್ಯಿ ತೀರಸತೀನಿ ಅಂತ ಅಂಜಬ್ಯಾಡ ಕಾಕಾ,” ಎಂದು ಅವಳು ನಕ್ಕಳು. “ದೇವಕಿದು ಒಂದು ವಾರ ನನ್ನ ಮ್ಯಾಲ ಹಂಗ ಅದ, ಗೊತ್ತದ ನಂಗ.”

“ಅದ,” ಎಂದ ಈಶಪ್ಪ. ಬಸ್ಸು ಬಂತು, ಹತ್ತಿದ.